ಬಿಳಿಗಿರಿಯಿಂದ ಗುಂಬಳ್ಳಿಗೆ: ಸ್ವಯಂಸೇವಾ ಆರೋಗ್ಯ ಕೇಂದ್ರದ ನೇತೃತ್ವ – ಒಂದು ಚಾರಿತ್ರಿಕ ಅವಲೋಕನ

ಪೀಠಿಕೆ

ಕರ್ನಾಟಕದ ಆರೋಗ್ಯ ಸೇವೆಯ ಇತಿಹಾಸವನ್ನು ಕುರಿತ ಬರಹಗಳು ಹೆಚ್ಚಾಗಿ ಮೈಸೂರು ಸಂಸ್ಥಾನದ ಆಡಳಿತ ಕ್ರಮಗಳು, ಸಾಂಕ್ರಾಮಿಕ ರೋಗಗಳು ಮತ್ತು ನಗರಗಳ ದೊಡ್ಡ ಆಸ್ಪತ್ರೆಗಳ ಸುತ್ತ ರಚಿತವಾಗಿವೆ. 1898ರಲ್ಲಿ ಬೆಂಗಳೂರಿಗೆ ಬಂದೆರಗಿದ ಪ್ಲೇಗು, 1900ರಲ್ಲಿ ಆರಂಭಗೊಂಡ ವಿಕ್ಟೋರಿಯಾ ಆಸ್ಪತ್ರೆ ಮೊದಲಾದವು ಈ ಇತಿಹಾಸದ ಪರಿಚಿತ ಘಟ್ಟಗಳು. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ 1943ರಲ್ಲಿ ನೇಮಕಗೊಂಡ ಸಮಿತಿಯು 1946ರಲ್ಲಿ ತನ್ನ ವರದಿಯನ್ನು ಸಲ್ಲಿಸಿತು. ಹಣ ಕೊಡಲಾಗದ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದು ಎಂಬುದು ಆ ವರದಿಯ ಮೂಲತತ್ತ್ವಗಳಲ್ಲಿ ಒಂದಾಗಿತ್ತು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯೊಂದಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ದೇಶದಲ್ಲಿ ರೂಪು ತಳೆದವು. ಮುಂದೆ ಬಯಲು ಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡು ಹಾಗೂ ಬುಡಕಟ್ಟು ಪ್ರದೇಶಗಳಲ್ಲಿ 20,000 ಜನರಿಗೆ ಒಂದು ಕೇಂದ್ರ ಇರಬೇಕೆಂಬ ಮಾನದಂಡವೂ ನಿಗದಿಯಾಯಿತು.

ಮಾನದಂಡ ನಿಗದಿಯಾದ ಮಾತ್ರಕ್ಕೆ ಸೇವೆ ತಲುಪಿತೆಂದು ಭಾವಿಸಲಾಗದು. ಕಟ್ಟಡವಿದ್ದೂ ವೈದ್ಯರಿಲ್ಲದ ಕೇಂದ್ರಗಳು, ವೈದ್ಯರಿದ್ದೂ ಜನ ಕಾಲಿಡದ ಕೇಂದ್ರಗಳು, ಕೇಂದ್ರವೇ ಇಲ್ಲದ ಕಾಡಿನ ನೆಲೆಗಳು ನಾಡಿನ ಹಲವೆಡೆ ಉಳಿದುಕೊಂಡವು. ಈ ಕೊರತೆಯನ್ನು ತುಂಬಲು ಲಾಭೋದ್ದೇಶವಿಲ್ಲದ ಸ್ವಯಂಸೇವಾ ಸಂಸ್ಥೆಗಳು ಮುಂದೆ ಬಂದದ್ದು 1980ರ ದಶಕದ ಒಂದು ಮುಖ್ಯ ಬೆಳವಣಿಗೆ. ಅವುಗಳಲ್ಲಿ ಬಿಳಿಗಿರಿರಂಗನ ಬೆಟ್ಟದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಮತ್ತು ಅದರ ಸೋದರ ಸಂಸ್ಥೆಯಾದ ಕರುಣಾ ಟ್ರಸ್ಟ್‌ಗಳ ಇತಿಹಾಸವನ್ನು ಪ್ರಸ್ತುತ ಲೇಖನವು ನೇತೃತ್ವದ ದೃಷ್ಟಿಯಿಂದ ಪರಿಶೀಲಿಸುತ್ತದೆ. ಇಂತಹ ಕೇಂದ್ರವನ್ನು ಮುನ್ನಡೆಸುವವರ ಎದುರಿಗಿರುವ ಪ್ರಶ್ನೆ ರೋಗವನ್ನು ಗುಣಪಡಿಸುವುದು ಹೇಗೆ ಎಂಬುದಷ್ಟೇ ಅಲ್ಲ. ಕೇಂದ್ರವು ಯಾರಿಗೆ ಸೇರಿದ್ದು, ಅದನ್ನು ಕೊನೆಗೆ ಯಾರ ಕೈಗೆ ಒಪ್ಪಿಸಬೇಕು ಎಂಬುದೂ ಅಷ್ಟೇ ಮುಖ್ಯ. ಬಿಳಿಗಿರಿಯ ಇತಿಹಾಸ ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

ಬೆಟ್ಟದ ಹಿನ್ನೆಲೆ

ಪೂರ್ವ ಹಾಗೂ ಪಶ್ಚಿಮ ಘಟ್ಟಗಳನ್ನು ಬೆಸೆಯುವ ಬಿಳಿಗಿರಿರಂಗನ ಬೆಟ್ಟ ಯಳಂದೂರು ತಾಲ್ಲೂಕಿನ ಅಂಚಿನಲ್ಲಿದೆ. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಪ್ರದೇಶ ಮೈಸೂರು ಜಿಲ್ಲೆಗೆ ಸೇರಿತ್ತು. ಇಲ್ಲಿನ ಮೂಲನಿವಾಸಿಗಳಾದ ಸೋಲಿಗರು ಪೋಡುಗಳೆಂಬ ಸಣ್ಣ ನೆಲೆಗಳಲ್ಲಿ ವಾಸಿಸುತ್ತ ಬಂದವರು. ಪೋಡಿನ ವ್ಯವಹಾರಗಳನ್ನು ಯಜಮಾನ, ಕೋಲುಕಾರ, ತಮ್ಮಡಿ ಮೊದಲಾದವರು ನಡೆಸುತ್ತಿದ್ದರು. ಬೆಟ್ಟದ ರಂಗನಾಥ ತಮ್ಮ ಕುಲದ ಕುಸುಮಾಲೆಯನ್ನು ಕೈಹಿಡಿದನೆಂಬ ಐತಿಹ್ಯದಂತೆ ಸೋಲಿಗರು ದೇವರನ್ನೇ ಭಾವನೆಂದು ಕರೆಯುತ್ತಾರೆ. ದೊಡ್ಡಸಂಪಿಗೆ ಮರ ಅವರ ಆರಾಧನೆಯ ಮುಖ್ಯ ತಾಣಗಳಲ್ಲೊಂದು. ಕಾಡು ಅವರಿಗೆ ಅನ್ನವನ್ನೂ ಔಷಧಿಯನ್ನೂ ದೇವರನ್ನೂ ಒದಗಿಸುವ ನೆಲೆಯಾಗಿತ್ತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಾರಿಗೆ ಬಂದ ತರುವಾಯ 1974ರಲ್ಲಿ ಈ ಅರಣ್ಯವನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಸೋಲಿಗರ ಕುಮರಿ ಬೇಸಾಯ ನಿಂತಿತು, ಬೇಟೆ ಅಪರಾಧವಾಯಿತು. ಚದುರಿದ್ದ ಕುಟುಂಬಗಳನ್ನು ಕಾಲೊನಿಗಳಲ್ಲಿ ನೆಲೆಗೊಳಿಸಲಾಯಿತು. ರಾಗಿಯ ಜೊತೆಗೆ ಬಗೆಬಗೆಯ ಕಾಳು, ಸೊಪ್ಪು, ಗೆಡ್ಡೆಗೆಣಸುಗಳನ್ನು ಉಣ್ಣುತ್ತಿದ್ದ ಸಮುದಾಯ ಕೂಲಿಯನ್ನೂ ಜೇನು, ನೆಲ್ಲಿಕಾಯಿ, ಕಲ್ಲುಹೂವು, ಸೀಗೆ ಮೊದಲಾದ ಕಿರು ಅರಣ್ಯ ಉತ್ಪನ್ನಗಳ ಸಂಗ್ರಹವನ್ನೂ ನೆಚ್ಚಿಕೊಳ್ಳಬೇಕಾಯಿತು. ಆರೋಗ್ಯ ಕೇಂದ್ರದ ಇತಿಹಾಸವನ್ನು ಈ ಹಿನ್ನೆಲೆಯಿಂದ ಬೇರ್ಪಡಿಸಿ ನೋಡುವಂತಿಲ್ಲ. ವೈದ್ಯರು ಬೆಟ್ಟಕ್ಕೆ ಬಂದಾಗ ಕಂಡದ್ದು ರೋಗವನ್ನಷ್ಟೇ ಅಲ್ಲ, ನೆಲ ಮತ್ತು ಆಹಾರಗಳೆರಡನ್ನೂ ಕಳೆದುಕೊಳ್ಳುತ್ತಿದ್ದ ಸಮುದಾಯವನ್ನು.

ಆರಂಭದ ವರ್ಷಗಳು

ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು 1981ರಲ್ಲಿ ಸ್ಥಾಪಿಸಿದವರು ಡಾ. ಎಚ್. ಸುದರ್ಶನ್ ಅವರು. ಬೆಂಗಳೂರಿನ ಹೊರವಲಯದ ಯಮಲೂರಿನಲ್ಲಿ 1950ರಲ್ಲಿ ಜನಿಸಿದ ಅವರು 1973ರಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನಿಂದ ವೈದ್ಯ ಪದವಿ ಪಡೆದರು. ಬಾಲ್ಯದಲ್ಲಿ ತಂದೆಯವರು ಸಕಾಲದಲ್ಲಿ ವೈದ್ಯಕೀಯ ನೆರವು ದೊರೆಯದೆ ತೀರಿಕೊಂಡದ್ದೇ ತಮ್ಮ ನಿರ್ಧಾರಕ್ಕೆ ಪ್ರೇರಣೆ ಎಂದು ಅವರು ಹೇಳಿಕೊಂಡಿದ್ದಾರೆ. ಪದವಿಯ ನಂತರ ಕೆಲವು ವರ್ಷ ರಾಮಕೃಷ್ಣ ಮಿಷನ್ನಿನ ಆರೋಗ್ಯ ಸಂಸ್ಥೆಗಳಲ್ಲಿ ಸೇವೆ ಸಲ್ಲಿಸಿ ಬಿಳಿಗಿರಿಗೆ ಬಂದರು.

ಆರಂಭದಲ್ಲಿ ಕೇಂದ್ರವೆಂದರೆ ಒಂದು ಗುಡಿಸಲು ಮಾತ್ರ. ಹೊರಗಿನವರೆಂದರೆ ಅರಣ್ಯದ ಅಧಿಕಾರಿಗಳು ಇಲ್ಲವೆ ಗುತ್ತಿಗೆದಾರರು ಎಂಬ ಅನುಭವವಿದ್ದ ಸೋಲಿಗರು ವೈದ್ಯರನ್ನು ಕಂಡು ದೂರ ಸರಿದದ್ದರಲ್ಲಿ ಆಶ್ಚರ್ಯವಿಲ್ಲ. ಕರಡಿಯ ದಾಳಿಗೆ ಸಿಕ್ಕವರ ಗಾಯಗಳಿಗೆ ಹೊಲಿಗೆ ಹಾಕಿ ಬದುಕಿಸಿದ್ದು, ಹಾವು ಕಡಿತಕ್ಕೆ ಚಿಕಿತ್ಸೆ ನೀಡಿದ್ದು ಇವುಗಳಿಂದ ವಿಶ್ವಾಸ ನಿಧಾನವಾಗಿ ಬೆಳೆಯಿತು. ರೋಗಿ ಬರಲೆಂದು ಕಾಯದೆ ಪೋಡಿನಿಂದ ಪೋಡಿಗೆ ನಡೆದುಹೋಗುವುದೇ ಆ ವರ್ಷಗಳ ಕಾರ್ಯಪದ್ಧತಿಯಾಗಿತ್ತು.

ನಾಟಿ ವೈದ್ಯದ ವಿಷಯದಲ್ಲಿ ಕೇಂದ್ರ ತಳೆದ ನಿಲುವು ಗಮನಾರ್ಹ. ಸೋಲಿಗರ ಗಿಡಮೂಲಿಕೆಗಳ ಜ್ಞಾನವನ್ನು ಅಲ್ಲಗಳೆಯದೆ ಅದನ್ನು ದಾಖಲಿಸಿ ಬಳಸುವ ಯತ್ನ ನಡೆಯಿತು. ಸೋಲಿಗ ಹೆಂಗಸರು ಕುಕ್ಕರಗಾಲಿನಲ್ಲಿ ಕುಳಿತು ಹೆರುವ ಪದ್ಧತಿಯಿಂದ ಆಧುನಿಕ ವೈದ್ಯರು ಕಲಿಯಬೇಕಾದದ್ದಿದೆ ಎಂದು ಸುದರ್ಶನ್ ಅವರು ಪ್ರತಿಪಾದಿಸಿದರು. ಜೊತೆಗೆ ಸಮುದಾಯದಲ್ಲಿ ಕಂಡುಬಂದ ಸಿಕಲ್ ಸೆಲ್ ರಕ್ತಹೀನತೆಯಂತಹ ಆನುವಂಶಿಕ ರೋಗಕ್ಕೆ ಪ್ರಯೋಗಾಲಯದ ನೆರವು ಅನಿವಾರ್ಯವಾಗಿತ್ತು. ಹೀಗೆ ಎರಡು ಜ್ಞಾನಪರಂಪರೆಗಳನ್ನು ಎದುರುಬದುರಾಗಿ ನಿಲ್ಲಿಸದೆ ಅವುಗಳ ಮಿತಿ ಮತ್ತು ಶಕ್ತಿಗಳನ್ನು ಅರಿತು ನಡೆಸಿದ ಕಾರಣದಿಂದಲೇ ಕೇಂದ್ರ ಬೆಟ್ಟದಲ್ಲಿ ಬೇರೂರಿತು ಎನ್ನಬಹುದು.

ಚಿಕಿತ್ಸೆಯಿಂದ ಸಮುದಾಯದ ಕಡೆಗೆ

ಚಿಕಿತ್ಸೆ ಪಡೆದು ಹೋದ ಮಗು ಅದೇ ಅಪೌಷ್ಟಿಕತೆಯಿಂದ ಮತ್ತೆ ಬರುವುದನ್ನು ಕಂಡವರಿಗೆ ಔಷಧಿಯ ಮಿತಿ ತಿಳಿಯುತ್ತದೆ. 1978ರ ಆಲ್ಮಾ-ಆಟಾ ಘೋಷಣೆಯು ಆಹಾರ, ಕುಡಿಯುವ ನೀರು, ಶಿಕ್ಷಣ ಹಾಗೂ ಜನರ ಪಾಲ್ಗೊಳ್ಳುವಿಕೆಗಳನ್ನು ಪ್ರಾಥಮಿಕ ಆರೋಗ್ಯದ ಅಂಗಗಳೆಂದು ಸಾರಿತ್ತು. ಬಿಳಿಗಿರಿಯಲ್ಲಿ ಇದು ದಿನನಿತ್ಯದ ಅನುಭವದಿಂದ ಮೂಡಿದ ಅರಿವಾಯಿತು. ಬೆರಳೆಣಿಕೆಯ ಮಕ್ಕಳೊಡನೆ 1981ರಲ್ಲಿ ಆರಂಭವಾದ ಶಾಲೆ ಮುಂದೆ ಪ್ರೌಢಶಾಲೆಯಾಗಿ ಬೆಳೆಯಿತು. ಕಸುಬುಗಳ ತರಬೇತಿ ಆರಂಭವಾಯಿತು. ತಮ್ಮ ಹಕ್ಕುಗಳಿಗಾಗಿ ಸೋಲಿಗರು ಸೋಲಿಗ ಅಭಿವೃದ್ಧಿ ಸಂಘವನ್ನು ಕಟ್ಟಿಕೊಳ್ಳಲು ಕೇಂದ್ರ ಬೆಂಬಲವಾಗಿ ನಿಂತಿತು.

ಈ ಘಟ್ಟದ ಅತ್ಯಂತ ಮಹತ್ವದ ಹೆಜ್ಜೆಯೆಂದರೆ ಬುಡಕಟ್ಟಿನ ಹೆಣ್ಣುಮಕ್ಕಳಿಗೇ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯರಾಗಿ ತರಬೇತಿ ನೀಡಿದ್ದು. ನಗರದಿಂದ ಬಂದ ವೈದ್ಯರು ಒಂದೆರಡು ವರ್ಷ ಇದ್ದು ಹೋಗುವುದು ಇಂತಹ ಕೇಂದ್ರಗಳಲ್ಲೆಲ್ಲ ಸಾಮಾನ್ಯ. ಪೋಡಿನ ಭಾಷೆ ಬಲ್ಲ, ನೆಂಟಸ್ತಿಕೆಯಿಂದ ಎಲ್ಲರ ಮನೆಯ ಒಳಹೊಕ್ಕು ಮಾತನಾಡಬಲ್ಲ ಸಹಾಯಕಿ ಅಲ್ಲೇ ಉಳಿಯುತ್ತಾಳೆ. ಬಸುರಿಯ ರಕ್ತಹೀನತೆಯನ್ನು ಗುರುತಿಸುವುದು, ಮಕ್ಕಳಿಗೆ ಚುಚ್ಚುಮದ್ದು ಹಾಕಿಸುವುದು, ಅಪಾಯದ ಹೆರಿಗೆಯನ್ನು ಮೊದಲೇ ಅರಿತು ಬೆಟ್ಟದ ಕೆಳಗಿನ ಆಸ್ಪತ್ರೆಗೆ ಕಳುಹಿಸುವುದು ಇವೆಲ್ಲ ಅವಳಿಂದ ಆಗಬೇಕಾದ ಕೆಲಸಗಳು. ಕೇಂದ್ರದ ನೇತೃತ್ವ ವೈದ್ಯರೊಬ್ಬರಲ್ಲಿ ಉಳಿಯದೆ ಸಮುದಾಯದ ಒಳಕ್ಕೆ ಹರಿಯಲು ಆರಂಭಿಸಿದ್ದು ಇಲ್ಲಿಂದ. 1994ರಲ್ಲಿ ಸಂದ ರೈಟ್ ಲೈವ್ಲಿಹುಡ್ ಪ್ರಶಸ್ತಿಯಲ್ಲಿ ಸುದರ್ಶನ್ ಅವರ ಹೆಸರಿನೊಂದಿಗೆ ಕೇಂದ್ರದ ಹೆಸರೂ ಸೇರಿದ್ದು ಈ ದೃಷ್ಟಿಯಿಂದ ಉಚಿತವೇ ಆಗಿತ್ತು.

ಬೆಟ್ಟದಿಂದ ಬಯಲಿಗೆ

ಬೆಟ್ಟದ ಕೆಳಗಿನ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗ ವ್ಯಾಪಕವಾಗಿತ್ತು. ಅದರ ನಿವಾರಣೆಗೆಂದೇ 1986ರಲ್ಲಿ ಕರುಣಾ ಟ್ರಸ್ಟ್ ಸ್ಥಾಪನೆಯಾಯಿತು. ಸಂಸ್ಥೆ ಪ್ರಕಟಿಸಿರುವ ಅಂಕಿಅಂಶಗಳ ಪ್ರಕಾರ 1987ರಲ್ಲಿ ತಾಲ್ಲೂಕಿನಲ್ಲಿ 1,000 ಜನರಿಗೆ 21.4ರಂತೆ, ಎಂದರೆ ಸುಮಾರು 47 ಜನರಲ್ಲಿ ಒಬ್ಬರಿಗೆ ಈ ರೋಗವಿತ್ತು. 2005ರ ವೇಳೆಗೆ ಇದು 1,000ಕ್ಕೆ 0.28ಕ್ಕೆ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆ ಈ ಇಳಿಕೆಗೆ ವೈಜ್ಞಾನಿಕ ಆಧಾರವಾಯಿತು. ಆದರೆ ಔಷಧಿ ಕೆಲಸ ಮಾಡಬೇಕಾದರೆ ರೋಗಿ ಮೊದಲು ಹೊರಗೆ ಬರಬೇಕು. ರೋಗಕ್ಕಿಂತ ಕಳಂಕಕ್ಕೆ ಅಂಜಿ ಮನೆಯೊಳಗೆ ಅಡಗಿದವರನ್ನು ಹುಡುಕಿ ತಿಂಗಳುಗಟ್ಟಲೆ ಚಿಕಿತ್ಸೆ ತಪ್ಪದಂತೆ ನೋಡಿಕೊಳ್ಳುವ ಕೆಲಸ ಆರೋಗ್ಯ ಕಾರ್ಯಕರ್ತರ ಮೇಲೆ ಬಿದ್ದಿತು. ನಿರ್ಮೂಲನೆಯ ರಾಷ್ಟ್ರೀಯ ಮಾನದಂಡ 10,000ಕ್ಕೆ ಒಂದಕ್ಕಿಂತ ಕಡಿಮೆ ಎಂಬುದನ್ನು ನೆನೆದರೆ, 2005ರ ಸಂಖ್ಯೆ ದೊಡ್ಡ ಸಾಧನೆಯನ್ನು ತೋರಿಸುವುದರೊಡನೆ ಉಳಿದ ಕೆಲಸವನ್ನೂ ಸೂಚಿಸುತ್ತದೆ.

ಕುಷ್ಠರೋಗಕ್ಕಾಗಿ ಮನೆಮನೆ ಸುತ್ತಿದವರಿಗೆ ಮೂರ್ಛೆರೋಗಿಗಳೂ ಕಂಡರು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ಸಂಗಡಿಗರು ಸುಮಾರು 65,000 ಜನಸಂಖ್ಯೆಯಲ್ಲಿ ನಡೆಸಿದ ಅಧ್ಯಯನ ‘ಯಳಂದೂರು ಅಧ್ಯಯನ’ ಎಂದೇ ವೈದ್ಯಕೀಯ ಸಾಹಿತ್ಯದಲ್ಲಿ ಪ್ರಸಿದ್ಧವಾಗಿದೆ. ಫೀನೋಬಾರ್ಬಿಟೋನ್, ಫೆನಿಟಾಯಿನ್‌ಗಳಂತಹ ಹಳೆಯ, ಅಗ್ಗದ ಔಷಧಿಗಳಿಂದಲೇ ಹಳ್ಳಿಯಲ್ಲಿ ಈ ರೋಗವನ್ನು ಹತೋಟಿಯಲ್ಲಿಡಬಹುದೆಂಬ ಅದರ ಫಲಿತಾಂಶ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರ್ಛೆರೋಗವನ್ನು ದೆವ್ವದ ಕಾಟವೆಂದು ನಂಬುವ, ಅದರಿಂದ ಮದುವೆ ಮುರಿಯುವ, ಮಕ್ಕಳ ಓದು ನಿಲ್ಲುವ ಸಮಾಜದಲ್ಲಿ ಈ ಫಲಿತಾಂಶದ ಬೆಲೆ ವೈದ್ಯಶಾಸ್ತ್ರಕ್ಕೆ ಸೀಮಿತವಾದುದಲ್ಲ. ಒಂದು ಬಡ ತಾಲ್ಲೂಕಿನ ಅನುಭವ ಜಗತ್ತಿನ ವೈದ್ಯರಿಗೆ ಪಾಠವಾದ ಅಪರೂಪದ ಸಂದರ್ಭವಿದು.

ಗುಂಬಳ್ಳಿಯ ಪ್ರಯೋಗ

ಸಂಸ್ಥೆಯ ಇತಿಹಾಸದಲ್ಲಿ 1996 ಒಂದು ತಿರುವು. ಸ್ವಯಂಸೇವಾ ಸಂಸ್ಥೆಗಳು ಸಾಮಾನ್ಯವಾಗಿ ಸರ್ಕಾರದ ವ್ಯವಸ್ಥೆಯ ಪಕ್ಕದಲ್ಲಿ ತಮ್ಮದೇ ಆಸ್ಪತ್ರೆಗಳನ್ನು ಕಟ್ಟಿಕೊಳ್ಳುತ್ತವೆ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಬಿನಿ ಜಲಾಶಯ ಹಾಗೂ ಅರಣ್ಯ ಸಂರಕ್ಷಣೆಗಳಿಂದ ನೆಲೆ ತಪ್ಪಿದ ಆದಿವಾಸಿಗಳ ನಡುವೆ, 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರು ಸ್ಥಾಪಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕೆಂಚನಹಳ್ಳಿ ಮತ್ತು ಸರಗೂರುಗಳಲ್ಲಿ ಆಸ್ಪತ್ರೆಗಳನ್ನು ನಡೆಸಿದ್ದು ಈ ಮಾರ್ಗದ ಯಶಸ್ವೀ ಉದಾಹರಣೆ. ಕರುಣಾ ಟ್ರಸ್ಟ್ ಬೇರೊಂದು ದಾರಿಯನ್ನು ಹಿಡಿಯಿತು. ಬೆಟ್ಟದ ತಪ್ಪಲಿನ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ನಿರ್ವಹಣೆಗೆ ವಹಿಸಿಕೊಂಡಿತು. ಕೊಡಗಿನ ತಿತಿಮತಿ ಕೇಂದ್ರವೂ ಇದೇ ಬಗೆಯ ನಿರ್ವಹಣೆಗೆ ಬಂದಿತು.

ಒಪ್ಪಂದದ ತಿರುಳು ಸರಳವಾಗಿತ್ತು. ಕಟ್ಟಡ ಸರ್ಕಾರದ್ದು, ವೆಚ್ಚದ ಬಹುಭಾಗ ಸರ್ಕಾರದ್ದು. ಸಿಬ್ಬಂದಿಯ ನೇಮಕ, ದೈನಂದಿನ ಆಡಳಿತ ಮತ್ತು ಉಳಿದ ವೆಚ್ಚ ಸಂಸ್ಥೆಯದು. ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮಗಳೆಲ್ಲವನ್ನೂ ನಡೆಸಬೇಕು; ರೋಗಿಗಳಿಗೆ ಸೇವೆ ಉಚಿತವಾಗಿರಬೇಕು. ಸಿಬ್ಬಂದಿ ಕೇಂದ್ರಸ್ಥಾನದಲ್ಲಿ ನೆಲೆಸಿ ಹಗಲಿರುಳು ಲಭ್ಯರಿರಬೇಕೆಂಬುದಕ್ಕೆ ಸಂಸ್ಥೆ ಒತ್ತು ನೀಡಿತು. ಮಾನಸಿಕ ಆರೋಗ್ಯ, ಮೂರ್ಛೆರೋಗದ ಚಿಕಿತ್ಸೆ, ಔಷಧೀಯ ಸಸ್ಯಗಳ ಬಳಕೆ ಮೊದಲಾದವನ್ನು ಪ್ರಾಥಮಿಕ ಆರೋಗ್ಯ ಸೇವೆಯೊಂದಿಗೆ ಸೇರಿಸಲಾಯಿತು.

ಈ ಆಯ್ಕೆಯ ಹಿಂದಿನ ತರ್ಕವನ್ನು ಗಮನಿಸಬೇಕು. ಸ್ವಂತ ಆಸ್ಪತ್ರೆಯಲ್ಲಿ ನಾಯಕನಿಗೆ ಸ್ವಾತಂತ್ರ್ಯ ಹೆಚ್ಚು. ಆದರೆ ಅದು ಎಷ್ಟು ಚೆನ್ನಾಗಿ ನಡೆದರೂ ಪಕ್ಕದ ಸರ್ಕಾರಿ ಕೇಂದ್ರ ಹಾಗೆಯೇ ಉಳಿಯುತ್ತದೆ. ದಾನಿಗಳ ಹಣ ನಿಂತ ದಿನ ಆಸ್ಪತ್ರೆಯೂ ನಿಲ್ಲಬಹುದು. ಸರ್ಕಾರಿ ಕೇಂದ್ರವನ್ನು ನಡೆಸಿ ತೋರಿಸಿದರೆ, ಅದೇ ಹಣ, ಅದೇ ಕಟ್ಟಡ, ಅದೇ ನಿಯಮಗಳಲ್ಲಿ ಉತ್ತಮ ಸೇವೆ ಸಾಧ್ಯವೆಂದು ಸಿದ್ಧವಾಗುತ್ತದೆ. ಆಗ ಸೇವೆ ದಾನವಾಗಿ ಉಳಿಯದೆ ಜನರ ಹಕ್ಕಾಗುತ್ತದೆ. 2006ರಲ್ಲಿ ಅರುಣಾಚಲ ಪ್ರದೇಶದ ದೂರದ ಕೇಂದ್ರಗಳ ನಿರ್ವಹಣೆಯನ್ನೂ ಟ್ರಸ್ಟ್ ವಹಿಸಿಕೊಂಡಾಗ ಗುಂಬಳ್ಳಿಯ ಮಾದರಿ ರಾಜ್ಯದ ಗಡಿಯನ್ನು ದಾಟಿತು.

ಇದೇ ತತ್ತ್ವ 2002ರಲ್ಲಿ ತಿ. ನರಸೀಪುರದಲ್ಲಿ ಆರಂಭವಾದ ಆರೋಗ್ಯ ವಿಮಾ ಯೋಜನೆಯಲ್ಲೂ ಕಾಣುತ್ತದೆ. ಸರ್ಕಾರಿ ಆಸ್ಪತ್ರೆಗೆ ದಾಖಲಾದ ವಿಮಾದಾರರಿಗೆ ದಿನಕ್ಕೆ 50 ರೂಪಾಯಿ ಕೂಲಿನಷ್ಟಕ್ಕೆ, 50 ರೂಪಾಯಿ ಔಷಧಿಗೆ ಎಂದು ಪರಿಹಾರ ನಿಗದಿಯಾಗಿತ್ತು. ಚಿಕಿತ್ಸೆ ಉಚಿತವಾದರೂ ಹಾಸಿಗೆ ಹಿಡಿದ ದಿನದ ಕೂಲಿ ಹೋಗುತ್ತದೆ. ಆ ಭಯದಿಂದಲೇ ಬಡವರು ಆಸ್ಪತ್ರೆಗೆ ಬರುವುದನ್ನು ಮುಂದೂಡುತ್ತಾರೆ. ಈ ಸತ್ಯವನ್ನು ಯೋಜನೆ ಗುರುತಿಸಿತ್ತು.

ಕಾರ್ಯಪಡೆಯ ವರದಿ

ಒಂದು ಕೇಂದ್ರದ ಅನುಭವ ರಾಜ್ಯದ ನೀತಿಯನ್ನು ತಲುಪಿದ್ದು 1999ರಲ್ಲಿ. ಆ ವರ್ಷದ ಕೊನೆಯಲ್ಲಿ ಶ್ರೀ ಎಸ್.ಎಂ. ಕೃಷ್ಣ ಅವರ ಸರ್ಕಾರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಕಾರ್ಯಪಡೆಯನ್ನು ಸುದರ್ಶನ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿತು. 2001ರಲ್ಲಿ ಸಲ್ಲಿಕೆಯಾದ ಅಂತಿಮ ವರದಿ ಸಮಾನತೆ, ಗುಣಮಟ್ಟ ಮತ್ತು ಪ್ರಾಮಾಣಿಕತೆ ಎಂಬ ಮೂರು ಗುರಿಗಳನ್ನು ಮುಂದಿಟ್ಟಿತು. ಆರೋಗ್ಯ ಇಲಾಖೆಯ ಮುಖ್ಯ ಸಮಸ್ಯೆಗಳ ಪಟ್ಟಿಯಲ್ಲಿ ಭ್ರಷ್ಟಾಚಾರವನ್ನು ನೇರವಾಗಿ ಹೆಸರಿಸಿದ್ದು ಅದರ ವೈಶಿಷ್ಟ್ಯ. ಮುಂದೆ 2004ರಲ್ಲಿ ರೂಪುಗೊಂಡ ರಾಜ್ಯದ ಸಮಗ್ರ ಆರೋಗ್ಯ ನೀತಿಯ ಮೇಲೆ ಈ ವರದಿಯ ಪ್ರಭಾವವಿದೆ. ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು ಲೋಕಾಯುಕ್ತರಾಗಿದ್ದ ಕಾಲದಲ್ಲಿ ಸುದರ್ಶನ್ ಅವರು ಆರೋಗ್ಯ ವಿಭಾಗದ ಜಾಗೃತ ನಿರ್ದೇಶಕರಾಗಿಯೂ ಕಾರ್ಯನಿರ್ವಹಿಸಿದರು. ಪೋಡಿನ ತಾಯಿಗೆ ಹೆರಿಗೆಯ ಸಮಯದಲ್ಲಿ ಲಂಚ ಕೊಡಲಾಗದಿದ್ದರೆ ಅದೂ ಒಂದು ಆರೋಗ್ಯ ಸಮಸ್ಯೆಯೇ ಎಂಬ ತಿಳಿವಳಿಕೆ ಈ ಪಾತ್ರಗಳನ್ನು ಒಂದುಗೂಡಿಸುತ್ತದೆ.

ಮಿತಿಗಳು ಮತ್ತು ಪ್ರಶ್ನೆಗಳು

ಈ ಇತಿಹಾಸ ಕೇವಲ ಯಶಸ್ಸಿನ ಕಥನವಲ್ಲ. ಮೊದಲನೆಯದಾಗಿ, ಸರ್ಕಾರಿ ಕೇಂದ್ರಗಳನ್ನು ಸಂಸ್ಥೆಗಳಿಗೆ ವಹಿಸುವುದು ಸರ್ಕಾರ ತನ್ನ ಹೊಣೆಯಿಂದ ನುಣುಚಿಕೊಳ್ಳುವ ದಾರಿಯಾಗಬಹುದೆಂಬ ಆಕ್ಷೇಪ ಜನಾರೋಗ್ಯ ಚಳವಳಿಗಳಿಂದ ಬಂದಿತು. ಗುಂಬಳ್ಳಿಯ ಮಾದರಿ ರಾಜ್ಯಮಟ್ಟದಲ್ಲಿ ‘ಆರೋಗ್ಯ ಬಂಧು’ ಎಂಬ ಯೋಜನೆಯಾಗಿ ವಿಸ್ತಾರಗೊಂಡಾಗ ಹಲವು ಬಗೆಯ ಸಂಸ್ಥೆಗಳು ಕೇಂದ್ರಗಳನ್ನು ಪಡೆದವು. ಅವುಗಳ ಗುಣಮಟ್ಟ ಒಂದೇ ತೆರನಾಗಿರಲಿಲ್ಲ. ಟೀಕೆಗಳ ನಡುವೆ 2016ರಲ್ಲಿ ರಾಜ್ಯ ಸರ್ಕಾರ ಆ ಯೋಜನೆಯನ್ನು ಕೈಬಿಡಲು ನಿರ್ಧರಿಸಿತು. ಒಬ್ಬ ಬದ್ಧ ನಾಯಕನ ಕೈಯಲ್ಲಿ ಫಲ ಕೊಟ್ಟ ವ್ಯವಸ್ಥೆ ಬರಿಯ ಒಪ್ಪಂದಪತ್ರದ ಬಲದಿಂದ ಎಲ್ಲೆಡೆ ಫಲ ಕೊಡದು ಎಂಬುದನ್ನು ಈ ಪ್ರಕರಣ ತೋರಿಸಿತು.

ಎರಡನೆಯದಾಗಿ, ಆರೋಗ್ಯ ಕೇಂದ್ರ ಎಷ್ಟೇ ಸಮರ್ಥವಾದರೂ ನೆಲದ ಪ್ರಶ್ನೆಯನ್ನು ಅದೊಂದೇ ಬಗೆಹರಿಸಲಾರದು. ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯ ನಂತರ ಬಿಳಿಗಿರಿಯಲ್ಲಿ ಕಿರು ಅರಣ್ಯ ಉತ್ಪನ್ನಗಳ ಮಾರಾಟಕ್ಕೆ ತಡೆ ಬಿದ್ದಾಗ ಸೋಲಿಗರ ಆದಾಯದ ಮುಖ್ಯ ಮೂಲಕ್ಕೇ ಪೆಟ್ಟುಬಿದ್ದಿತು. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು; ಅದೇ ವರ್ಷ 2006ರ ಅರಣ್ಯ ಹಕ್ಕು ಕಾಯಿದೆಯ ಅನ್ವಯ ಸೋಲಿಗರಿಗೆ ಸಾಮುದಾಯಿಕ ಅರಣ್ಯ ಹಕ್ಕುಗಳೂ ದೊರೆತವು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂತಹ ಹಕ್ಕು ಮಾನ್ಯವಾದ ದೇಶದ ಮೊದಲ ನಿದರ್ಶನಗಳಲ್ಲಿ ಇದೂ ಒಂದು. ಇದನ್ನು ಸಾಧಿಸಿದ್ದು ಆಸ್ಪತ್ರೆಯಲ್ಲ, ಸೋಲಿಗರ ಸಂಘಟನೆ. ಆದರೆ ಆ ಸಂಘಟನೆ ಕಣ್ಣುಬಿಟ್ಟ ಕಾಲದಲ್ಲಿ ಆರೋಗ್ಯ ಕೇಂದ್ರ ಅದರ ಬೆಂಬಲಕ್ಕಿತ್ತು ಎಂಬುದನ್ನು ಮರೆಯುವಂತಿಲ್ಲ.

ಉಪಸಂಹಾರ

1981ರ ಗುಡಿಸಲಿನಿಂದ 1996ರ ಗುಂಬಳ್ಳಿಯವರೆಗಿನ ಹದಿನೈದು ವರ್ಷಗಳಲ್ಲಿ ಕೇಂದ್ರದ ಒಡೆತನದ ಕಲ್ಪನೆಯೇ ಬದಲಾದದ್ದನ್ನು ಮೇಲಿನ ವಿವರಗಳು ಸ್ಪಷ್ಟಪಡಿಸುತ್ತವೆ. ಮೊದಲು ಅದು ವೈದ್ಯರ ಕೇಂದ್ರವಾಗಿತ್ತು; ತರಬೇತಿ ಪಡೆದ ಸೋಲಿಗ ಹೆಣ್ಣುಮಕ್ಕಳ ಮೂಲಕ ಸಮುದಾಯದ ಕೇಂದ್ರವಾಯಿತು; ಗುಂಬಳ್ಳಿಯಲ್ಲಿ ಸರ್ಕಾರದ, ಎಂದರೆ ಎಲ್ಲ ಪ್ರಜೆಗಳ ಕೇಂದ್ರವನ್ನು ಸರಿಯಾಗಿ ನಡೆಸುವ ಹೊಣೆಯಾಗಿ ಮಾರ್ಪಟ್ಟಿತು. ಪ್ರತಿಯೊಂದು ಘಟ್ಟದಲ್ಲೂ ನಾಯಕತ್ವ ತನ್ನ ಕೈಯಲ್ಲಿದ್ದುದನ್ನು ಇನ್ನೊಬ್ಬರ ಕೈಗೆ ದಾಟಿಸಿದೆ. 2016ರ ತೀರ್ಮಾನವನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅದನ್ನು ಮಾದರಿಯ ಸೋಲೆಂದು ಮಾತ್ರ ಅರ್ಥೈಸಬೇಕಾಗಿಲ್ಲ. ಸರ್ಕಾರಿ ಕೇಂದ್ರ ಸರ್ಕಾರಕ್ಕೇ ಮರಳುವುದು ತತ್ತ್ವತಃ ಈ ಪ್ರಯೋಗದ ಗುರಿಗೆ ವಿರುದ್ಧವಲ್ಲ. ಮರಳಿದ ಕೇಂದ್ರದಲ್ಲಿ ರಾತ್ರಿಯ ಹೊತ್ತು ಹಾವು ಕಡಿದವನಿಗೆ ವೈದ್ಯರು ಸಿಗುವರೇ, ಮೂರ್ಛೆರೋಗಿಗೆ ತಿಂಗಳ ಮಾತ್ರೆ ತಪ್ಪದೆ ದೊರೆಯುವುದೇ ಎಂಬುದರಿಂದಲೇ ಅದರ ಬೆಲೆ ನಿರ್ಧಾರವಾಗಬೇಕು. ಭೋರ್ ಸಮಿತಿ 1946ರಲ್ಲಿ ಕೊಟ್ಟ ಮಾತನ್ನು ಅಳೆಯುವ ಮಾನದಂಡವೂ ಇದೇ ಆಗಿದೆ.